ಚಾಕೊಲೇಟು ಕೇಕೂ ಕೈಗುಣವೂ

ನಮ್ಮ ಶಾಲೆಯಲ್ಲಿ ಓದಿ ಹೋದವರು ಆಗಾಗ್ಗೆ ನಮ್ಮನ್ನು ಕಾಣಲು ಬರುವುದುಂಟು. ಮನೆವಾರ್ತೆ, ಉದ್ಯೋಗ, ಮಕ್ಕಳ ವಿದ್ಯಾಭ್ಯಾಸ ಇವುಗಳ ಮಾತು ಮುಗಿದ ಮೇಲೆ ಸಂಭಾಷಣೆಯು ತಾನಾಗಿಯೇ ಅಡಿಗೆಮನೆಯ ಕಡೆಗೆ ತಿರುಗುವುದು. ಆಗ ಬಹು ಮಂದಿಯ ಬಾಯಿಂದ ಬರುವ ಮಾತು ಒಂದೇ: “ಟೀಚರ್, ಉಳಿದ ಅಡಿಗೆಯೆಲ್ಲ ಹೇಗೋ ಆಗುತ್ತದೆ. ಚಾಕೊಲೇಟು ಕೇಕು ಮಾತ್ರ ನನಗೆ ಒಗ್ಗುವುದಿಲ್ಲ. ಅದಕ್ಕೆ ಕೈಗುಣ ಬೇಕು.”

ಈ ಕೈಗುಣವೆಂಬುದು ಏನು? ಹುಟ್ಟಿನಿಂದ ಕೆಲವರಿಗೆ ಮಾತ್ರ ದೊರೆಯುವ ವರವೋ, ಅಥವಾ ಕಲಿತು ಸಂಪಾದಿಸತಕ್ಕ ಜ್ಞಾನವೋ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಇದು ಅಲ್ಪ ವಿಷಯವೆಂದು ಕೆಲವರು ನಗಬಹುದು. ಆದರೆ ಯೋಚಿಸಿ ನೋಡಿರಿ. ಮಿತವಾದ ವರಮಾನವುಳ್ಳ ತಾಯಿಯೊಬ್ಬಳು ಮಗುವಿನ ಹುಟ್ಟಿದ ಹಬ್ಬಕ್ಕೆಂದು ಬೆಣ್ಣೆ, ಮೊಟ್ಟೆ, ಚಾಕೊಲೇಟುಗಳನ್ನು ಬೆಲೆಕೊಟ್ಟು ತಂದು, ಅರ್ಧ ದಿನ ಶ್ರಮಪಟ್ಟು ಕೇಕು ಮಾಡುತ್ತಾಳೆ. ಅದು ನಡುವೆ ಕುಸಿದುಹೋದರೆ ಅವಳಿಗೆ ನಷ್ಟವಾಗುವುದು ಸಾಮಗ್ರಿಯ ಬೆಲೆ ಮಾತ್ರವಲ್ಲ. ನಾಲ್ವರ ಮುಂದೆ ನಾಚಿಕೊಂಡು, “ಇದು ನನ್ನಿಂದಾಗದು” ಎಂದು ಆ ಕೆಲಸವನ್ನೇ ಬಿಟ್ಟುಬಿಡುತ್ತಾಳೆ. ಕಾರಣವನ್ನು ಹುಡುಕದೆ ಒಂದು ಕೆಲಸದಲ್ಲಿ “ನನ್ನಿಂದಾಗದು” ಎಂದವಳು ಮತ್ತೊಂದರಲ್ಲಿಯೂ ಹಾಗೆನ್ನುವುದು ಸುಲಭ. ಉಪಾಧ್ಯಾಯಿನಿಯ ಮನಸ್ಸಿಗೆ ನೋವನ್ನುಂಟುಮಾಡುವುದು ಇದೇ. ಆದುದರಿಂದ ಈ ಪಕ್ವಾನ್ನದಲ್ಲಿ ಯಾವುದರಿಂದ ಏನಾಗುವುದೆಂಬುದನ್ನು ಕ್ರಮವಾಗಿ ತಿಳಿಸುವೆನು.

ಕೋಕೋವಿನ ವೃತ್ತಾಂತ

ಚಾಕೊಲೇಟಿಗೆ ಮೂಲವು ಕೋಕೋ ಮರದ ಬೀಜ. ಅಮೆರಿಕ ಖಂಡದ ಉಷ್ಣಪ್ರದೇಶವೇ ಈ ಮರದ ತವರು. ಅಲ್ಲಿಯ ಮಾಯಾ ಮತ್ತು ಅಜ್ಟೆಕ್ ಜನರು ಬೀಜವನ್ನು ಅರೆದು, ನೀರಿನಲ್ಲಿ ಕದಡಿ, ನೊರೆ ಬರಿಸಿ ಪಾನೀಯವಾಗಿ ಕುಡಿಯುತ್ತಿದ್ದರು. ಸಸ್ಯಶಾಸ್ತ್ರಜ್ಞನಾದ ಲಿನೇಯಸನು ೧೭೫೩ರಲ್ಲಿ ಈ ಮರಕ್ಕೆ ‘ಥಿಯೊಬ್ರೋಮ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ದೇವತೆಗಳ ಆಹಾರ’ವೆಂದರ್ಥ. ೧೮೨೮ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಅರೆದ ಬೀಜವನ್ನು ಒತ್ತಿ, ಅದರ ಕೊಬ್ಬನ್ನು ಬೇರ್ಪಡಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದರು. ನಾವು ಡಬ್ಬಿಯಲ್ಲಿ ಕೊಳ್ಳುವ ಕೋಕೋ ಹುಡಿಯು ಹೀಗೆ ಉಂಟಾಯಿತು. ೧೮೪೭ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಫ್ರೈ ಮನೆತನದವರು ಹುಡಿಗೆ ಸಕ್ಕರೆಯನ್ನೂ ಕೋಕೋ ಬೆಣ್ಣೆಯನ್ನೂ ಸೇರಿಸಿ ತಿನ್ನುವ ಚಾಕೊಲೇಟನ್ನು ಮಾಡಿದರು. ೧೮೭೫ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರನು ಹಾಲಿನ ಚಾಕೊಲೇಟನ್ನೂ, ೧೮೭೯ರಲ್ಲಿ ರುಡಾಲ್ಫ್ ಲಿಂಟನು ಬಹುಕಾಲ ಮಗುಚಿ ನಯಗೊಳಿಸುವ ವಿಧಾನವನ್ನೂ ಕಂಡುಹಿಡಿದರು. ನಾವು ತಿನ್ನುವ ಗಟ್ಟಿ ಚಾಕೊಲೇಟಿಗೆ ಇನ್ನೂ ಇನ್ನೂರು ವರ್ಷಗಳು ತುಂಬಿಲ್ಲವೆಂಬುದು ಇದರಿಂದ ತಿಳಿಯುವುದು.

ಕೋಕೋ ನಮಗೆ ಪರದೇಶದ ವಸ್ತುವಾಗಿಯೇ ಉಳಿದಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಈ ಮರವನ್ನು ಬೆಳೆಯುತ್ತಾರೆ. ೧೯೭೩ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ‘ಕ್ಯಾಂಪ್ಕೋ’ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆಯು ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನು ತೆರೆಯಿತು. ಆ ಸೀಮೆಯ ಹೆಣ್ಣುಮಕ್ಕಳು ಕೋಕೋ ಕಾಯನ್ನು ಒಡೆದು, ಬೀಜದ ಸುತ್ತಲಿರುವ ಸಿಹಿಯಾದ ಬಿಳಿಯ ತಿರುಳನ್ನು ಚೀಪಿ ಬಲ್ಲರು. ಹಸಿಯ ಬೀಜವು ಬಾಯಿಗೆ ಕಹಿ, ಒಗರು; ಅದರಲ್ಲಿ ಚಾಕೊಲೇಟಿನ ವಾಸನೆಯೇ ಇರುವುದಿಲ್ಲ. ತಿರುಳು ಸಹಿತವಾಗಿ ರಾಶಿಹಾಕಿ ಐದಾರು ದಿನ ಹುಳಿಯಬಿಟ್ಟು, ಒಣಗಿಸಿ, ಹುರಿದ ಮೇಲೆಯೇ ಆ ಪರಿಮಳವು ಹೊಮ್ಮುವುದು. ನಮ್ಮ ಅಡಿಗೆಮನೆಗೆ ಬರುವ ಮೊದಲೇ ಕಾಲ, ಶಾಖ, ತಾಳ್ಮೆ ಎಂಬ ಮೂರರಿಂದ ಅದು ಸಿದ್ಧವಾಗಿ ಬಂದಿರುವುದು. ಕೇಕು ಬೇಯಿಸುವಾಗಲೂ ಈ ಮೂರೇ ಬೇಕಾದವುಗಳು.

ಸಾಮಗ್ರಿಗಳ ಗುಣ

ಮೊದಲು ಚಾಕೊಲೇಟನ್ನು ಕೊಳ್ಳುವ ವಿಚಾರ. ಅಂಗಡಿಯಲ್ಲಿ ಗಟ್ಟಿಗಳಾಗಿ ಮಾರುವುದೆಲ್ಲ ಚಾಕೊಲೇಟಲ್ಲ. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿರಿ. ಕೋಕೋ ಬೆಣ್ಣೆಗೆ ಬದಲಾಗಿ ಸಸ್ಯಜನ್ಯ ಕೊಬ್ಬು ಎಂದು ಬರೆದಿದ್ದರೆ ಅದು ‘ಕಾಂಪೌಂಡ್’ ಎಂಬ ಅಗ್ಗದ ಮಾಲು. ಅಲಂಕಾರಕ್ಕೆ ಅದು ಸಾಕು. ಕೇಕಿನ ಒಳಗಣ ರುಚಿಗೆ ಸಾಲದು. ನಿಜವಾದ ಕೋಕೋ ಬೆಣ್ಣೆಯು ಸುಮಾರು ೩೪ ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುವುದು. ನಮ್ಮ ಶರೀರದ ಶಾಖವು ೩೭ ಡಿಗ್ರಿಯಾದುದರಿಂದ ಒಳ್ಳೆಯ ಚಾಕೊಲೇಟು ನಾಲಗೆಯ ಮೇಲೆ ತಾನಾಗಿ ಕರಗುವುದು. ಅದೇ ಕಾರಣದಿಂದ ಎಪ್ರಿಲ್ ತಿಂಗಳ ಸೆಕೆಯಲ್ಲಿ ಚೀಲದೊಳಗೂ ಕರಗುವುದು! ಹೆಚ್ಚು ಹಣವಿಲ್ಲದವರು ಕೋಕೋ ಹುಡಿಯನ್ನೇ ಉಪಯೋಗಿಸಬಹುದು. ಸಕ್ಕರೆ ಬೆರೆಸಿದ ‘ಕುಡಿಯುವ ಚಾಕೊಲೇಟಿನ’ ಹುಡಿಯು ಬೇಡ. ಅದರಲ್ಲಿ ಕೋಕೋ ಸ್ವಲ್ಪ, ಸಕ್ಕರೆ ಬಹಳ.

ಸಕ್ಕರೆಯು ಸಿಹಿಗೆ ಮಾತ್ರವೆಂದು ತಿಳಿಯಬಾರದು. ಅದು ತೇವವನ್ನು ಹಿಡಿದಿಟ್ಟು ಕೇಕನ್ನು ಮೃದುವಾಗಿಡುತ್ತದೆ. ಅದನ್ನು ಅರ್ಧಕ್ಕೆ ಇಳಿಸಿದರೆ ಕೇಕು ಬಿರುಸಾಗುವುದು. ಮೊಟ್ಟೆಯು ಬೆಂದು ಗಟ್ಟಿಯಾಗಿ ಕೇಕಿಗೆ ಎಲುಬಿನಂತೆ ಆಧಾರವನ್ನು ಕೊಡುವುದು. ಮೈದಾದಲ್ಲಿ ಗ್ಲೂಟೆನ್ ಎಂಬ ಅಂಟಿನ ಪದಾರ್ಥವುಂಟು. ರೊಟ್ಟಿಗೆ ಕಲಸುವಂತೆ ಕೇಕಿನ ಹಿಟ್ಟನ್ನು ಬಹಳ ಹೊತ್ತು ತಿರುವಿದರೆ ಆ ಅಂಟು ಬಲಿತು ಕೇಕು ಜಿಗುಟಾಗುವುದು. ಮೈದಾ ಹಾಕಿದ ಬಳಿಕ ಹಿಟ್ಟಿನ ಗಂಟು ಒಡೆಯುವಷ್ಟು ಮಾತ್ರ ಕಲಸಬೇಕು. ಸೋಡಾ ಹುಡಿಯು ಹುಳಿಯೊಡನೆ ಸೇರಿದಾಗ ಇಂಗಾಲಾಮ್ಲ ವಾಯುವು ಹೊರಟು ಹಿಟ್ಟು ಉಬ್ಬುವುದು. ಆದುದರಿಂದ ಸೋಡಾ ಹಾಕುವಲ್ಲಿ ಮೊಸರು ಮುಂತಾದ ಹುಳಿಯಿರಬೇಕು. ಬೇಕಿಂಗ್ ಪೌಡರಿನಲ್ಲಿಯಾದರೋ ಸೋಡಾವೂ ಹುಳಿಯೂ ಕೂಡಿಯೇ ಇರುವುವು; ಒಂದರ ಬದಲಿಗೆ ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಬಾರದು.

ಇನ್ನೆರಡು ಸಣ್ಣ ವಸ್ತುಗಳನ್ನು ಮರೆಯಬಾರದು. ಚಿಟಿಕೆ ಉಪ್ಪು ಕಹಿಯನ್ನು ತಗ್ಗಿಸಿ ಸಿಹಿಯನ್ನು ಎತ್ತಿಕೊಡುವುದು. ಕಾಫಿಯ ಡಿಕಾಕ್ಷನ್ ಸ್ವಲ್ಪ ಸೇರಿದರೆ ಚಾಕೊಲೇಟಿನ ರುಚಿಯು ಗಾಢವಾಗುವುದು, ಕಾಫಿಯ ರುಚಿಯು ಮುಂದೆ ಬಾರದು. ಕಾಫಿಯು ಬೆಳೆಯುವ ಸೀಮೆಯವರಾದ ನಮಗೆ ಇದಕ್ಕಿಂತ ಸುಲಭವಾದ ಉಪಾಯ ಯಾವುದು?

ಮೊದಲನೆಯ ಪಾಕ: ಕೋಕೋ ಕೇಕು

ಇದು ಮಿತವ್ಯಯದ ಕೇಕು. ಮೊದಲ ಬಾರಿಗೆ ಮಾಡುವವರು ಇದರಿಂದಲೇ ಆರಂಭಿಸಲಿ. ಮೈದಾ ೧೫೦ ಗ್ರಾಂ, ಕೋಕೋ ಹುಡಿ ೪೦ ಗ್ರಾಂ, ಹುಡಿಮಾಡಿದ ಸಕ್ಕರೆ ೨೦೦ ಗ್ರಾಂ, ಸೋಡಾ ಹುಡಿ ಮುಕ್ಕಾಲು ಚಹಾ ಚಮಚ, ಉಪ್ಪು ಕಾಲು ಚಮಚ ಇವುಗಳನ್ನು ಕೂಡಿಸಿ ಎರಡು ಸಾರಿ ಜರಡಿ ಹಿಡಿಯಿರಿ. ಬೇರೊಂದು ಪಾತ್ರೆಯಲ್ಲಿ ೨ ಮೊಟ್ಟೆ, ೧೨೫ ಗ್ರಾಂ ಮೊಸರು, ವಾಸನೆಯಿಲ್ಲದ ಎಣ್ಣೆ ೧೦೦ ಮಿಲಿಲೀಟರು ಇವುಗಳನ್ನು ಕಡೆಯಿರಿ. ಎರಡನ್ನೂ ಸೇರಿಸಿ, ಕೊನೆಗೆ ೧೨೦ ಮಿಲಿಲೀಟರಿನಷ್ಟು ಬಿಸಿಯಾದ ತಿಳಿ ಡಿಕಾಕ್ಷನನ್ನು ನಿಧಾನವಾಗಿ ಹೊಯ್ದು ಕಲಸಿರಿ. ಬಿಸಿ ನೀರು ಕೋಕೋವನ್ನು ಅರಳಿಸಿ ಅದರ ಪರಿಮಳವನ್ನು ಹೊರತರುವುದು. ಹಿಟ್ಟು ದೋಸೆಯ ಹಿಟ್ಟಿನಂತೆ ನೀರಾಗಿ ತೋರುವುದು. ಹೆದರಿ ಇನ್ನಷ್ಟು ಮೈದಾವನ್ನು ಸುರಿಯಬೇಡಿರಿ. ೮ ಅಂಗುಲ ಅಗಲದ ಪಾತ್ರೆಗೆ ಬೆಣ್ಣೆ ಸವರಿ, ತಳಕ್ಕೆ ಕಾಗದವನ್ನು ಹಾಸಿ, ಹಿಟ್ಟನ್ನು ಹೊಯ್ದು, ೧೭೫ ಡಿಗ್ರಿ ಶಾಖದಲ್ಲಿ ೩೦ರಿಂದ ೩೫ ನಿಮಿಷ ಬೇಯಿಸಿರಿ. ನಡುವೆ ಚುಚ್ಚಿದ ಕಡ್ಡಿಯಲ್ಲಿ ಹಸಿ ಹಿಟ್ಟು ಅಂಟದಿದ್ದರೆ ಆಯಿತು.

ಎರಡನೆಯ ಪಾಕ: ಗಟ್ಟಿ ಚಾಕೊಲೇಟಿನ ಕೇಕು

ಇದು ವಿಶೇಷ ದಿವಸಗಳಿಗೆ ತಕ್ಕುದು. ಫ್ರಾನ್ಸ್ ದೇಶದ ಮನೆಗಳಲ್ಲಿ ಈ ಬಗೆಯ ಕೇಕನ್ನು ಸಾಧಾರಣವಾಗಿ ಮಾಡುವರು. ಇದರಲ್ಲಿ ಸೋಡಾವಿಲ್ಲ, ಮೈದಾ ಎರಡೇ ದೊಡ್ಡ ಚಮಚ. ಕಪ್ಪು ಚಾಕೊಲೇಟು ೨೦೦ ಗ್ರಾಂ, ಬೆಣ್ಣೆ ೧೫೦ ಗ್ರಾಂ, ಸಕ್ಕರೆ ೧೫೦ ಗ್ರಾಂ, ಮೊಟ್ಟೆ ೪, ಚಿಟಿಕೆ ಉಪ್ಪು.

ಚಾಕೊಲೇಟನ್ನು ಸಣ್ಣಗೆ ಕತ್ತರಿಸಿ ಬೆಣ್ಣೆಯೊಡನೆ ಒಣಗಿದ ಬಟ್ಟಲಿನಲ್ಲಿ ಹಾಕಿರಿ. ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ, ಬಟ್ಟಲನ್ನು ಅದರ ಬಾಯಿಯ ಮೇಲಿಟ್ಟು ಹಬೆಯಿಂದಲೇ ಕರಗಿಸಿರಿ. ನೇರವಾಗಿ ಉರಿಯ ಮೇಲಿಟ್ಟರೆ ತಳ ಹತ್ತಿ ಕಮರು ವಾಸನೆ ಬರುವುದು. ಮೊಟ್ಟೆ ಸಕ್ಕರೆಗಳನ್ನು ಬೇರೆಯಾಗಿ ಕಡೆದು, ಆರಿ ಬೆಚ್ಚಗಾದ ಚಾಕೊಲೇಟನ್ನು ಅದಕ್ಕೆ ಸೇರಿಸಿ, ಮೈದಾ ಉಪ್ಪುಗಳನ್ನು ಹಾಕಿ ಮೃದುವಾಗಿ ತಿರುವಿರಿ. ಕುದಿಯುವಷ್ಟು ಬಿಸಿಯಾದ ಚಾಕೊಲೇಟನ್ನು ಹಾಕಿದರೆ ಮೊಟ್ಟೆಯು ಅಲ್ಲಿಯೇ ಬೆಂದು ಗಂಟಾಗುವುದು. ೮ ಅಂಗುಲದ ಪಾತ್ರೆಯಲ್ಲಿ ೧೭೦ ಡಿಗ್ರಿ ಶಾಖದಲ್ಲಿ ೨೫ರಿಂದ ೩೦ ನಿಮಿಷ ಸಾಕು. ಅಂಚು ಗಟ್ಟಿಯಾಗಿ, ಪಾತ್ರೆಯನ್ನು ಅಲ್ಲಾಡಿಸಿದಾಗ ನಡುಭಾಗವು ಮಾತ್ರ ಸ್ವಲ್ಪ ನಡುಗುವಾಗ ಹೊರಗೆ ತೆಗೆಯಿರಿ. ಒಳಗಿನ ಶಾಖದಿಂದಲೇ ಅದು ಇನ್ನೂ ಸ್ವಲ್ಪ ಹೊತ್ತು ಬೇಯುತ್ತಿರುವುದು. ಆರಿದಂತೆ ಮೇಲ್ಭಾಗವು ತಗ್ಗಿ ಬಿರಿಯುವುದು ಈ ಕೇಕಿನ ಸ್ವಭಾವ, ದೋಷವಲ್ಲ. ಒಂದು ರಾತ್ರಿ ಇಟ್ಟು ಮರುದಿನ ಕೊಯ್ದರೆ ರುಚಿಯು ಕೂಡಿಬರುವುದು. ಹಬ್ಬದ ದಿವಸ ಬೆಳಿಗ್ಗೆ ಕೈತುಂಬ ಕೆಲಸವಿರುವ ಗೃಹಿಣಿಗೆ ಇದೊಂದು ದೊಡ್ಡ ಅನುಕೂಲ.

ಒವನ್ ಇಲ್ಲದ ಮನೆಯಲ್ಲಿ

ಒವನ್ ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ವಿದ್ಯುಚ್ಛಕ್ತಿಯು ಮನೆಗಳಿಗೆ ಬರುವ ಮೊದಲು, ಪಾತ್ರೆಯ ಅಡಿಯಲ್ಲಿಯೂ ಮುಚ್ಚಳದ ಮೇಲೆಯೂ ಕೆಂಡವನ್ನು ಹರಡಿ ಕೇಕು ಬೇಯಿಸುತ್ತಿದ್ದರು. ಮೇಲೂ ಕೆಳಗೂ ಒಂದೇ ಸಮನಾದ ಶಾಖವು ತಗಲಬೇಕೆಂಬ ತತ್ತ್ವವನ್ನು ಅವರು ಬಲ್ಲವರಾಗಿದ್ದರು. ಈಗ ಗ್ಯಾಸಿನ ಒಲೆಯ ಮೇಲೆ ದಪ್ಪ ತಳದ ದೊಡ್ಡ ಪಾತ್ರೆಯನ್ನಿಟ್ಟು, ಅದರಲ್ಲಿ ಒಂದು ಅಂಗುಲ ದಪ್ಪಕ್ಕೆ ಒಣಗಿದ ಮರಳನ್ನು ಹರಡಿ, ಮೇಲೊಂದು ಸಿಂಬಿಯಂಥ ಲೋಹದ ಬಳೆಯನ್ನಿಡಿರಿ. ಮುಚ್ಚಿ ಹತ್ತು ನಿಮಿಷ ಕಾಯಿಸಿ, ಕೇಕಿನ ಪಾತ್ರೆಯನ್ನು ಬಳೆಯ ಮೇಲಿಟ್ಟು, ಪುನಃ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸಿನವರೆಗೆ ಬೇಯಿಸಿರಿ. ಮರಳು ಉರಿಯ ಏರಿಳಿತವನ್ನು ತಡೆದು ಶಾಖವನ್ನು ಸಮಗೊಳಿಸುವುದು. ಮೊದಲನೆಯ ಪಾಕವು ಈ ರೀತಿಯಲ್ಲಿ ಚೆನ್ನಾಗಿ ಆಗುವುದು. ಅದರ ಮೇಲ್ಭಾಗವು ಒವನಿನಲ್ಲಿ ಬೆಂದುದರಷ್ಟು ಒಣಗಿರದೆಂಬುದೊಂದೇ ಭೇದ.

ದೋಷಗಳೂ ಕಾರಣಗಳೂ

ಈಗ “ಕೈಗುಣವಿಲ್ಲ” ಎಂಬ ಮಾತಿಗೆ ಬರೋಣ. ಆ ಹೆಸರಿನಲ್ಲಿ ಅಡಗಿರುವ ದೋಷಗಳು ಐದಾರೇ, ಪ್ರತಿಯೊಂದಕ್ಕೂ ಕಾರಣವಿದೆ.

ಸೋಡಾ ಹಾಕಿದ ಕೇಕು ನಡುವೆ ಕುಸಿದರೆ, ಅದು ಪೂರಾ ಬೇಯುವ ಮೊದಲೇ ಬಾಗಿಲನ್ನು ತೆರೆದಿರಬೇಕು, ಬೇಗನೆ ಹೊರಗೆ ತೆಗೆದಿರಬೇಕು, ಅಥವಾ ಸೋಡಾ ಹೆಚ್ಚಾಗಿರಬೇಕು. ಹಿಟ್ಟು ಉಬ್ಬಿ ಅದನ್ನು ಹಿಡಿದು ನಿಲ್ಲಿಸುವ ಮೊಟ್ಟೆ ಮೈದಾಗಳು ಗಟ್ಟಿಯಾಗುವ ಮೊದಲು ತಣ್ಣಗಿನ ಗಾಳಿಯು ತಗಲಿದರೆ ಅದು ಇಳಿದುಹೋಗುವುದು. ಮೊದಲ ಇಪ್ಪತ್ತೈದು ನಿಮಿಷ ಇಣಿಕಿ ನೋಡುವ ಆಸೆಯನ್ನು ತಡೆಯಬೇಕು.

ಮೇಲ್ಭಾಗವು ಗೋಪುರದಂತೆದ್ದು ಸೀಳಿದರೆ ಶಾಖವು ಹೆಚ್ಚಾಗಿದೆ, ಅಥವಾ ಪಾತ್ರೆಯು ಕಿರಿದಾಗಿದೆ. ಮೇಲ್ಪದರವು ಬೇಗನೆ ಬಲಿತು, ಒಳಗಿನ ಹಿಟ್ಟು ಅದನ್ನು ಒಡೆದುಕೊಂಡು ಬಂದಿರುವುದು.

ಕೇಕು ಒಣಗಿ ಹುಡಿಯಾದರೆ ಬಹಳ ಹೊತ್ತು ಬೆಂದಿದೆ, ಇಲ್ಲವೆ ಮೈದಾ ಹೆಚ್ಚಾಗಿದೆ. ಸಡಿಲವಾಗಿ ತುಂಬಿದ ಒಂದು ಕಪ್ಪು ಮೈದಾ ಸುಮಾರು ೧೨೦ ಗ್ರಾಂ ತೂಗುವುದು. ಅದೇ ಕಪ್ಪನ್ನು ಒತ್ತಿ ತುಂಬಿದರೆ ೧೫೦ ಗ್ರಾಮನ್ನು ಮುಟ್ಟುವುದು. ಕಪ್ಪು ಒಂದೇ, ಮೈದಾ ಮಾತ್ರ ಕಾಲುಭಾಗ ಹೆಚ್ಚು! ಒಂದು ಸಲ ಚೆನ್ನಾಗಿ ಆದದ್ದು ಮತ್ತೊಂದು ಸಲ ಕೆಡುವುದಕ್ಕೆ ಬಹುಶಃ ಇದಕ್ಕಿಂತ ಹೆಚ್ಚಿನ ಕಾರಣವನ್ನು ಹುಡುಕಬೇಕಾಗಿಲ್ಲ. ಆದುದರಿಂದ ಅಡಿಗೆಮನೆಗೆ ಚಿನ್ನದ ಅಂಚಿನ ತಟ್ಟೆಗಳಿಗಿಂತ ಮೊದಲು ಒಂದು ಸಣ್ಣ ತಕ್ಕಡಿಯನ್ನು ತಂದುಕೊಳ್ಳಿರಿ.

ಸಾಬೂನಿನಂಥ ರುಚಿ ಬಂದರೆ ಹುಳಿಗೆ ಮಿಕ್ಕ ಸೋಡಾ ಉಳಿದುಕೊಂಡಿದೆ. ಕರಗುತ್ತಿರುವ ಚಾಕೊಲೇಟು ಏಕಾಏಕಿ ಮಣ್ಣಿನ ಮುದ್ದೆಯಂತಾದರೆ ಅದರಲ್ಲಿ ಒಂದೆರಡು ಹನಿ ನೀರು ಬಿದ್ದಿದೆ. ಕೊಬ್ಬಿನಲ್ಲಿ ತೇಲುತ್ತಿರುವ ಒಣ ಸಕ್ಕರೆಯ ಮತ್ತು ಕೋಕೋವಿನ ಕಣಗಳು ಆ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಅದನ್ನು ಎಸೆಯಬೇಡಿರಿ. ಇನ್ನೂ ಕೆಲವು ಚಮಚ ಬಿಸಿ ಹಾಲನ್ನು ಹಾಕಿ ಕಡೆದರೆ ಅದು ಮತ್ತೆ ನಯವಾಗಿ, ಕೇಕಿನ ಮೇಲೆ ಹೊಯ್ಯುವ ಸಾರವಾಗಿ ಉಪಯೋಗಕ್ಕೆ ಬರುವುದು. ಸ್ವಲ್ಪ ನೀರಿನಿಂದ ಕೆಟ್ಟದ್ದು ಹೆಚ್ಚು ದ್ರವದಿಂದ ಸರಿಯಾಗುವುದೆಂಬುದು ಆಶ್ಚರ್ಯವಾಗಿ ತೋರಿದರೂ ಸತ್ಯವು.

ಇವುಗಳಲ್ಲಿ ಯಾವುದು ತಾನೇ ಹುಟ್ಟಿನಿಂದ ಬಂದ ಕೈಗುಣ? ಅಜ್ಜಿಯ ಕೈಗುಣವೆಂದು ನಾವು ಹೊಗಳುವುದು ಅವರ ಬಹುಕಾಲದ ಗಮನಿಕೆಯೇ ಹೊರತು ಬೇರೇನೂ ಅಲ್ಲ. ಅವರು ತಕ್ಕಡಿಯಿಲ್ಲದೆ ಅಳೆದರು, ಗಡಿಯಾರವಿಲ್ಲದೆ ವಾಸನೆಯಿಂದಲೇ ಹದವನ್ನು ಕಂಡುಕೊಂಡರು. ಆ ಜ್ಞಾನವು ಬರೆಯಲ್ಪಡದೆ ಅವರೊಂದಿಗೇ ಹೋಗಿಬಿಡುವುದು ನಮಗೆ ನಷ್ಟ. ಆದುದರಿಂದ ಪ್ರತಿಯೊಬ್ಬಳೂ ಅಡಿಗೆಮನೆಯಲ್ಲಿ ಒಂದು ಪುಸ್ತಕವನ್ನಿಟ್ಟು, ಇಂತಿಂಥ ಅಳತೆ, ಇಷ್ಟು ಶಾಖ, ಇಷ್ಟು ಹೊತ್ತು, ಫಲ ಹೀಗಾಯಿತು ಎಂದು ಬರೆದಿಡಬೇಕು. ಮುಂದಿನ ಸಲ ಒಂದೇ ಒಂದನ್ನು ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಇದನ್ನೇ ಅಲ್ಲವೇ ನಾವು ವಿಜ್ಞಾನದ ಪ್ರಯೋಗಶಾಲೆಯಲ್ಲಿ ನಿಮಗೆ ಕಲಿಸಿದ್ದು?

ಬಡಿಸುವ ವಿಚಾರ

ಪ್ರಿಯರಿಗಾಗಿ ಮಾಡಿದ ಪಕ್ವಾನ್ನವನ್ನು ಬಡಿಸುವುದರಲ್ಲಿಯೂ ವಿವೇಕ ಬೇಕು. ಎರಡನೆಯ ಕೇಕು ಬಹು ಸಾರವತ್ತಾದುದು; ಎರಡು ಬೆರಳಿನಗಲದ ತುಂಡು ಒಬ್ಬರಿಗೆ ಸಾಕು. ಮನೆಯಲ್ಲಿ ಸಕ್ಕರೆಯ ಕಾಯಿಲೆಯುಳ್ಳ ಹಿರಿಯರಿದ್ದರೆ “ಒಂದು ದಿನಕ್ಕೇನಾಗುತ್ತದೆ” ಎಂದು ಒತ್ತಾಯಮಾಡುವುದು ಪ್ರೀತಿಯಲ್ಲ. ಅವರಿಗೆಂದು ಸಿಹಿಯಿಲ್ಲದ ಬೇರೊಂದು ತಿನಿಸನ್ನು ಮಾಡಿ, ಅವರನ್ನೂ ಪಂಕ್ತಿಯಲ್ಲಿ ಕುಳ್ಳಿರಿಸುವುದು ಪ್ರೀತಿ. ಮಕ್ಕಳು ಹಸಿ ಹಿಟ್ಟನ್ನು ನೆಕ್ಕದಂತೆ ನೋಡಿಕೊಳ್ಳಿರಿ. ಹಸಿ ಮೊಟ್ಟೆ, ಹಸಿ ಮೈದಾ ಎರಡರಿಂದಲೂ ಹೊಟ್ಟೆ ಕೆಡುವ ಭಯವುಂಟು. ಮನೆಯ ನಾಯಿಗೆ ಚಾಕೊಲೇಟನ್ನು ಕೊಡಲೇಬಾರದು. ಅದರಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವು ನಾಯಿಗೆ ವಿಷ.

ಈ ಕೆಲಸವು ಹೆಣ್ಣುಮಕ್ಕಳಿಗೆ ಮಾತ್ರವೆಂದು ತಾಯಿತಂದೆಗಳು ಎಣಿಸದಿರಲಿ. ತೂಗುವುದನ್ನೂ ಜರಡಿ ಹಿಡಿಯುವುದನ್ನೂ ಹತ್ತು ವರ್ಷದ ಹುಡುಗನು ಸಂತೋಷದಿಂದ ಮಾಡುವನು. ತಾನು ತೂಗಿದ ಕೇಕನ್ನು ತಿನ್ನುವಾಗ ತಾಯಿಯ ಶ್ರಮವೆಷ್ಟೆಂಬುದನ್ನೂ ಅರಿಯುವನು. ಮತ್ತೊಂದು ಮಾತು. ಎಲ್ಲರಿಗೂ ಕೊಯ್ದುಕೊಟ್ಟು, ಕೊನೆಗೆ ಪಾತ್ರೆಗೆ ಅಂಟಿದ ಚೂರುಗಳನ್ನು ತಾನು ತಿನ್ನುವುದು ನಮ್ಮ ಮನೆಗಳ ತಾಯಂದಿರ ಪದ್ಧತಿ. ಮಕ್ಕಳೇ, ಮೊದಲನೆಯ ತುಂಡನ್ನು ಮಾಡಿದವರ ತಟ್ಟೆಗೆ ಹಾಕಿರಿ.

ಚಾಕೊಲೇಟಿನ ಹಿಂದೆ ನಮ್ಮ ಕಣ್ಣಿಗೆ ಕಾಣದ ಕೈಗಳೂ ಇವೆ. ಲೋಕದ ಕೋಕೋವಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಅಲ್ಲಿಯ ತೋಟಗಳಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳು ಕತ್ತಿ ಹಿಡಿದು ದುಡಿಯುವುದು ಇನ್ನೂ ನಿಂತಿಲ್ಲ. ನಮ್ಮ ಮಗುವಿನ ಹುಟ್ಟಿದ ಹಬ್ಬದ ಸಿಹಿಯಲ್ಲಿ ಪರರ ಮಗುವಿನ ಕಣ್ಣೀರು ಬೆರೆಯಬಾರದು. ಬೀಜವು ಎಲ್ಲಿಂದ ಬಂತೆಂದು ವಿಚಾರಿಸಿ ಕೊಳ್ಳುವುದೂ, ಸಾಧ್ಯವಾದಲ್ಲಿ ನಮ್ಮ ಬೆಳೆಗಾರರ ಮಾಲನ್ನೇ ಆರಿಸುವುದೂ ನಮ್ಮಿಂದಾಗುವ ಸಣ್ಣ ಕರ್ತವ್ಯ.

ಪ್ರಿಯ ವಿದ್ಯಾರ್ಥಿನಿಯರೇ, ಅಂಗಡಿಯ ಕೇಕು ನೋಟಕ್ಕೆ ನಿಮ್ಮದಕ್ಕಿಂತ ಚೆಲುವಾಗಿರಬಹುದು. ಆದರೆ ಮನೆಯವರಲ್ಲಿ ಯಾರಿಗೆ ಏನು ಇಷ್ಟ, ಯಾರಿಗೆ ಏನು ಆಗದು ಎಂಬುದನ್ನು ಆ ಅಂಗಡಿಯವನು ಅರಿಯನು, ನೀವು ಬಲ್ಲಿರಿ. ಆ ತಿಳುವಳಿಕೆಗೆ ಅಳತೆಯನ್ನೂ ಶಾಖವನ್ನೂ ತಾಳ್ಮೆಯನ್ನೂ ಜೊತೆಗೂಡಿಸಿರಿ. ಒಂದು ಸಲ ಕೆಟ್ಟರೆ ಪುಸ್ತಕದಲ್ಲಿ ಕಾರಣವನ್ನು ಬರೆದು, ಮತ್ತೊಂದು ದಿನ ಜರಡಿಯನ್ನು ಕೈಗೆ ತೆಗೆದುಕೊಳ್ಳಿರಿ. ಕೆಲವು ವರ್ಷಗಳ ಮೇಲೆ ನಿಮ್ಮ ಮನೆಯ ಮಕ್ಕಳು, “ನಮ್ಮಮ್ಮನ ಕೈಗುಣವೇ ಬೇರೆ” ಎಂದು ಹೇಳುವರು. ಅದು ಎಲ್ಲಿಂದ ಬಂತೆಂಬುದನ್ನು ಆಗ ಅವರಿಗೆ ತಪ್ಪದೆ ಕಲಿಸಿಕೊಡಿರಿ.